ಗಾಳಿ ಪಾಳಿ

ಕುಕನೂರಿನಾಚೆ, ಎರೆಹೊಲಗಳ ನಡುವೆ
ತಂತಿಬೇಲಿಯೊಳಗೆ ನಮ್ಮ ಸಬ್‌ಸ್ಟೇಷನ್ನು.
ರಾತ್ರಿ ಪಾಳಿ. ನಾನು, ಒಂದು ಲಾಗ್‌ಬುಕ್ಕು,
ಚಹದ ಥರ್ಮಾಸು, ಮತ್ತೆ ಹೊರಗೆ
ಒಂದೇ ಸವನೆ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರು.

ತಾಸಿಗೊಮ್ಮೆ ಎದ್ದು ಬರೆಯಬೇಕು:
ಹನ್ನೊಂದಕ್ಕೆ ಎಂಬತ್ತೆರಡು ಮೆಗಾವ್ಯಾಟು,
ಹನ್ನೆರಡಕ್ಕೆ ತೊಂಬತ್ತೊಂದು.
ಆಷಾಢ. ಕಿಟಕಿಯ ಚಿಲಕ ತಾನೇ ಕುಣಿಯುತ್ತಿದೆ.
ಗಾಳಿಗೆ ಸಹಿ ಬರುವುದಿಲ್ಲ,
ಅದರ ಪರವಾಗಿ ನಾನೇ ಮಾಡುತ್ತೇನೆ.

ದಿನ್ನೆಯ ಸಾಲಿನುದ್ದ ಕೆಂಪು ದೀಪಗಳು
ಒಮ್ಮೆಗೇ ಹತ್ತಿ ಒಮ್ಮೆಗೇ ಆರುತ್ತವೆ.
ಕೆಳಗಿನ ಕತ್ತಲಲ್ಲಿ ರೆಕ್ಕೆಗಳು
ಕಾಣುವುದಿಲ್ಲ, ಕೇಳಿಸುತ್ತವೆ,
ಅವಸರವಿಲ್ಲದ ಯಾರೋ ಹೆಂಗಸು
ಮೊರದಲ್ಲಿ ಜೋಳ ಕೇರುತ್ತಿರುವ ಹಾಗೆ.

ಫಕೀರವ್ವತ್ತೆ ನೆನಪಾಗುತ್ತಾಳೆ.
ಹತ್ತು ಊರಿನ ಕಣಗಳಿಗೆ ತೂರಲು ಅವಳಿಗೇ ಕರೆ.
ಮೂರು ಕಾಲಿನ ಮೆಟ್ಟು ಹತ್ತಿ
ಚಿಟಿಕೆ ಹೊಟ್ಟು ಬಿಟ್ಟು ನೋಡುವಳು,
ಎಲ್ಲಿ ಬಿತ್ತು, ಎಷ್ಟು ದೂರ.
ಗಾಳಿ ಇಲ್ಲದ ದಿನ ಕಣಕಿಯ ಬಣವಿಗೆ ಒರಗಿ
ಎಲೆಯಡಿಕೆ ಜಗಿಯುತ್ತ ಕೂಡುವಳು.
ಬಂತೋ, ಬಾಯಲ್ಲಿದ್ದದ್ದನ್ನೂ ಉಗುಳದೆ ಏಳುವಳು,
ನಡುರಾತ್ರಿಯಾದರೂ,
ಕೂಸಿಗೆ ಮೊಲೆ ಬಿಡಿಸಿಯಾದರೂ.
"ಗಾಳಿ ನಮ್ಮನಿ ಆಳಲ್ಲವ್ವಾ,
ಬೀಗರಿದ್ದಂಗ. ಬಂದಾಗ ಎದ್ದು ನಿಂದರಬೇಕು."

ಒಂದೂವರೆಗೆ ಫೋನು.
ಬೆಂಗಳೂರಿನ ದನಿ, ನಿದ್ದೆಗೆಟ್ಟದ್ದು, ಸಭ್ಯ:
"ಫ್ರೀಕ್ವೆನ್ಸಿ ಏರ್ತಾ ಇದೆ ಮೇಡಂ,
ನಿಮ್ಮ ಕಡೆ ಮೂವತ್ತು ಇಳಿಸಿ."
ರಾಜ್ಯಕ್ಕೆಲ್ಲ ಮಳೆ. ಪಂಪುಸೆಟ್ಟು ಮಲಗಿವೆ,
ಫ್ಯಾನಿನ ಗಾಳಿ ಯಾರಿಗೂ ಬೇಡ.
ನಾನು ದಿನ್ನೆಗೆ ಹೇಳಿದೆ. ಅಲ್ಲಿಂದ ಮರ್ದಾನಸಾಬ
"ಇಂಥಾ ಗಾಳಿ ಬಿಟ್ಟೇನ್ರಿ?" ಎಂದ.
ಸ್ವಲ್ಪ ಹೊತ್ತು ಬಿಟ್ಟು, "ಆತ್ರಿ" ಎಂದ.

ಬಡಿಸಲು ಬಂದವರೆದುರು ಸಾಕೆಂದು
ಎಲೆಗಡ್ಡ ಅಂಗೈ ಹಿಡಿಯುವುದಿದೆಯಲ್ಲ,
ಹಾಗಲ್ಲ ಇದು. ಇವು ಅಂಗೈಯನ್ನು
ಮೆಲ್ಲಗೆ ಓರೆ ಮಾಡುತ್ತವೆ, ಅಷ್ಟೇ.
ಗಾಳಿ ಸಂದಿನಲ್ಲಿ ಹಾಯ್ದು
ತಾವರಗೇರಿ, ಸಿಂಧನೂರಿನ ಕಡೆ ಹೋಯಿತು
ತುಂಬಿದ ಕೈಯಲ್ಲೇ.
ಗಾಳಿ ಬಂದಾಗ ತೂರಿಕೋ ಎಂದ ಹಿರಿಯರಿಗೆ
ತೂರಬೇಡ ಎಂದು ಯಾರೂ ಫೋನು ಮಾಡಿರಲಿಲ್ಲ.

ಎರಡಕ್ಕೆ ಅರವತ್ತೊಂದು.
ಷರಾ: ಆದೇಶದ ಮೇರೆಗೆ.

ಚೈತ್ರದಲ್ಲೂ ಇದೇ ಕುರ್ಚಿ, ಇದೇ ದನಿ:
"ಎಷ್ಟಿದೆ ಮೇಡಂ? ಇನ್ನೂ ಸ್ವಲ್ಪ ಸಿಗಬಹುದಾ?"
ನಾಲ್ಕಿತ್ತು. ಆಮೇಲೆ ಮೂರೂವರೆ.
ಗೇಟಿನ ಬೇವಿನಲ್ಲಿ ಒಂದೆಲೆ ಅಲುಗಿರಲಿಲ್ಲ.
ಶೇಂಗಾ ಹಾಕಿದವರು ಬಂದು ನಿಂತಿದ್ದರು:
"ಇಷ್ಟು ಪಂಕಾ ನಿಲ್ಸ್ಯಾರ, ನಮಗ ಮೂರು ತಾಸು
ಕೊಡಾಕ ಆಗೂದಿಲ್ಲೇನ್ರಿ ಅಕ್ಕಾರ?"
ಹೇಳಲು ಏನಿತ್ತು. ಕುಡಿಯಲು ನೀರು ಕೊಟ್ಟೆ.

ಅತ್ತೆ ತೂರಿದ ಜೋಳ ಹಗೇವಿಗೆ ಇಳಿಯುತ್ತಿತ್ತು,
ಮಣ್ಣಿನ ಬಾಯಿ ಮುಚ್ಚಿ, ಮೇಲೆ ಹಾದಿ ಬಿದ್ದು,
ಬೇಕಾದ ವರ್ಷ ಬೆಚ್ಚಗೆ ಮೇಲೆ ಬರುತ್ತಿತ್ತು.
ಹೋದ ವಾರ ಬೇಲಿಯಾಚೆ ಜಾಗ ಅಳೆದರು.
ಬ್ಯಾಟರಿಯ ಪೆಟ್ಟಿಗೆಗಳು ಬರುತ್ತವಂತೆ,
ನಾಲ್ಕು ತಾಸಿನ ಗಾಳಿ ಹಿಡಿಯುವಂಥವು.
ಆಷಾಢದಿಂದ ಚೈತ್ರಕ್ಕೆ ಎಷ್ಟು ತಾಸು,
ಲಾಗ್‌ಬುಕ್ಕಿನ ಹಿಂಬದಿಗೆ ಲೆಕ್ಕ ಹಾಕಲು ಹೋಗಿ
ಬಿಟ್ಟೆ. ಮೊದಲ ಹಗೇವು ತೋಡಿದವನೂ
ಮೊದಲು ಒಂದು ಗುದ್ದಲಿಯಷ್ಟೇ ತೋಡಿದ್ದಾನು.

ನಾಲ್ಕೂಮುಕ್ಕಾಲು. ಮತ್ತೆ ಫೋನು.
ಊರೂರಲ್ಲಿ ನಳದ ಮೋಟರು, ಹಿಟ್ಟಿನ ಗಿರಣಿ,
ಯಾರದೋ ಸ್ನಾನದ ನೀರು.
"ಬಿಡಿ ಮೇಡಂ, ಎಷ್ಟಿದ್ದರೂ ಬಿಡಿ."

ಹೊರಗೆ ರೆಕ್ಕೆಗಳು ಗಾಳಿಗೆ ಮುಖ ಕೊಟ್ಟವು.
ಅರವತ್ತೊಂದು, ಎಪ್ಪತ್ತು, ಎಂಬತ್ತೆಂಟು...
ಕೂತಲ್ಲಿಂದಲೇ ಅಂಕಿ ಕಾಣುತ್ತದೆ.
ಆದರೂ ಯಾಕೋ
ಎದ್ದು ನಿಂತೆ.